ಅಂಗಣವಾಡಿಯೆಂಬ ಹೆಸರೂ ಶಿಶುಶಿಕ್ಷಣದಲ್ಲಿ ಕಥೆಯ ಸ್ಥಾನವೂ

ಚೆಂಬೂರಿನ ಘಾಟ್ಲಾ, ವಾಶಿನಾಕಾ, ದೇವನಾರ ಭಾಗಗಳ ಕಿರುಗಲ್ಲಿಗಳಲ್ಲಿ ಹಾದುಹೋಗುವವರಿಗೆ ಅಲ್ಲಲ್ಲಿ ಒಂದೊಂದು ಕೋಣೆಯ ಬಾಗಿಲ ಮೇಲೆ ‘ಅಂಗಣವಾಡಿ’ ಎಂಬ ಮರಾಠಿ ಫಲಕವು ಕಾಣಿಸುವುದು. ಒಳಗೆ ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಒತ್ತೊತ್ತಾಗಿ ಕುಳಿತಿರುವರು. ಅಂಗಳವೆಂಬುದು ಮಾತ್ರ ಹೆಚ್ಚಿನೆಡೆಗಳಲ್ಲಿ ಇಲ್ಲ. ಕನ್ನಡನಾಡಿನಲ್ಲಿ ಇದೇ ಸಂಸ್ಥೆಯನ್ನು ‘ಅಂಗನವಾಡಿ’ ಎಂದು ಬರೆಯುವುದು ರೂಢಿ. ಅಂಗಣ, ಅಂಗಳ ಎಂಬ ರೂಪಗಳು ಕನ್ನಡಕ್ಕೆ ಹೊಸವಲ್ಲ. ಆದುದರಿಂದ ಈ ನಕಾರವು ಪದವು ಹಿಂದಿಯ ಹಾದಿಯಾಗಿ ಬಂದುದರ ಗುರುತಾಗಿರಬೇಕು. ಅದು ಹೇಗೂ ಇರಲಿ, ಮಕ್ಕಳ ಶಾಲೆಗೆ ಮನೆಯಂಗಳದ ಹೆಸರು ಏಕೆ ಬಂದಿತೆಂಬುದು ಕಾಗುಣಿತಕ್ಕಿಂತ ಮುಖ್ಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಅರಸುವವರು ಮುಂಬಯಿಯಲ್ಲೇ ಹುಟ್ಟಿದ ತಾರಾಬಾಯಿ ಮೋಡಕ (1892-1973) ಅವರ ಜೀವನಕಾರ್ಯವನ್ನೂ, ಅವರಿಗೆ ಮಾರ್ಗದರ್ಶಕರಾಗಿದ್ದ ಗಿಜುಭಾಯಿ ಬಧೇಕಾ (1885-1939) ಅವರ ಪ್ರಯೋಗಗಳನ್ನೂ ಪರಿಶೀಲಿಸಬೇಕಾಗುವುದು.

ಗಿಜುಭಾಯಿಯವರು ವಕೀಲಿ ವೃತ್ತಿಯವರು. ತಮ್ಮ ಮಗನ ಶಿಕ್ಷಣದ ಚಿಂತೆಯು ಅವರನ್ನು ಮಾರಿಯಾ ಮಾಂಟೆಸರಿಯವರ ಗ್ರಂಥಗಳತ್ತ ಕೊಂಡೊಯ್ದಿತು; 1920ರಲ್ಲಿ ಅವರು ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಮುಂದೆ ತಾರಾಬಾಯಿಯವರು ಅಲ್ಲಿ ಅವರ ಸಹೋದ್ಯೋಗಿಗಳಾದರು. 1926ರಲ್ಲಿ ಇಬ್ಬರೂ ಕೂಡಿ ನೂತನ ಬಾಲಶಿಕ್ಷಣ ಸಂಘವನ್ನು ಸ್ಥಾಪಿಸಿದರು. ಮಾಂಟೆಸರಿ ಪದ್ಧತಿಯ ಮೇಲೆ ಇಬ್ಬರಿಗೂ ಅಪಾರ ಗೌರವವಿದ್ದಿತು. ಆದರೆ ಗೌರವವು ಅನುಕರಣೆಯಾಗಲಿಲ್ಲ. ಎರಡು ವಿಷಯಗಳಲ್ಲಿ ಅವರು ಮೂಲ ಪದ್ಧತಿಯಿಂದ ಬೇರೆಯಾದರು; ಆ ಎರಡರಿಂದಲೇ ಅಂಗಣವಾಡಿಯ ಕಲ್ಪನೆಯು ಬೆಳೆಯಿತೆನ್ನಬಹುದು.

ಮೊದಲನೆಯದು ಕಥೆ. ಆರು ವರ್ಷದೊಳಗಿನ ಮಗುವಿಗೆ ಯಕ್ಷಿಣಿಯ ಕಥೆಗಳನ್ನೂ ಅದ್ಭುತಕಥೆಗಳನ್ನೂ ಹೇಳುವುದು ಮಾಂಟೆಸರಿಯವರಿಗೆ ಒಪ್ಪಿಗೆಯಾಗಿರಲಿಲ್ಲ. ಆ ವಯಸ್ಸಿನ ಮಗುವು ನಿಜವನ್ನೂ ಕಲ್ಪಿತವನ್ನೂ ಬೇರ್ಪಡಿಸಲಾರದು. ಕೈಯಿಂದ ಮುಟ್ಟಿ, ಕಣ್ಣಿಂದ ಕಂಡ ವಸ್ತುಜಗತ್ತಿನ ಮೇಲೆಯೇ ಅದರ ಕಲ್ಪನಾಶಕ್ತಿಯು ನಿಲ್ಲಬೇಕು. ಹಿರಿಯರು ಹೇಳುವ ಕಥೆಯಲ್ಲಿರುವುದು ಹಿರಿಯರ ಕಲ್ಪನೆಯೇ ಹೊರತು ಮಗುವಿನದಲ್ಲ ಎಂಬುದು ಅವರ ವಾದದ ಸಾರ. ಈ ವಾದದಲ್ಲಿ ಹುರುಳಿಲ್ಲವೆಂದು ಹೇಳುವಂತಿಲ್ಲ. ಆದರೂ ಗಿಜುಭಾಯಿಯವರು ಕಥೆಯನ್ನು ಬಾಲಮಂದಿರದ ನಡುಮನೆಗೆ ತಂದು ಕೂರಿಸಿದರು. ಹಳ್ಳಿಯ ಜನರ ಬಾಯಲ್ಲಿದ್ದ ಕಥೆಗಳನ್ನು ಕೂಡಿಸಿ ಮಕ್ಕಳ ಮಾತಿಗೆ ಅಳವಡಿಸಿದರು; ಕಥೆ ಹೇಳುವ ಬಗೆಯನ್ನು ಕುರಿತೇ ಶಾಸ್ತ್ರಗ್ರಂಥವೊಂದನ್ನು ಬರೆದರು. 1932ರಲ್ಲಿ ಪ್ರಕಟವಾದ ಅವರ ‘ದಿವಾಸ್ವಪ್ನ’ದಲ್ಲಿ ಒಂದು ಸ್ವಾರಸ್ಯವಾದ ಸಂದರ್ಭವುಂಟು. ಪ್ರಯೋಗಶೀಲನಾದ ಉಪಾಧ್ಯಾಯನು ನಾಲ್ಕನೆಯ ತರಗತಿಗೆ ಬಂದು ಮೊದಲು ಮೌನದ ಆಟವನ್ನು ಹೂಡುವನು. ಇದು ಮಾಂಟೆಸರಿ ಪದ್ಧತಿಯ ಪ್ರಸಿದ್ಧವಾದ ಸಾಧನ. ಹುಡುಗರು ಗದ್ದಲವೆಬ್ಬಿಸಿ ಅದನ್ನು ಹಾಳುಮಾಡುವರು. ಮರುದಿನ ಅವನು ಕಥೆಯನ್ನು ಆರಂಭಿಸುವನು. ತರಗತಿಯು ತಾನಾಗಿ ನಿಶ್ಶಬ್ದವಾಗುವುದು. ಗ್ರಂಥಕರ್ತರು ತಮ್ಮ ಗುರುವಿನೊಡನೆ ನಡೆಸಿದ ವಿನಯಪೂರ್ವಕವಾದ ವಾಗ್ವಾದವೆಂದೇ ಈ ಪ್ರಸಂಗವನ್ನು ಓದಬಹುದು.

ಎರಡನೆಯದು ಖರ್ಚಿನ ವಿಷಯ. 1907ರಲ್ಲಿ ಮಾಂಟೆಸರಿಯವರು ತಮ್ಮ ಮೊದಲ ಶಿಶುಗೃಹವನ್ನು ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ. ಬಡವರ ಮಕ್ಕಳಿಗಾಗಿ ಹುಟ್ಟಿದ ಆ ಪದ್ಧತಿಯು ಕೆಲವೇ ದಶಕಗಳಲ್ಲಿ ಅನೇಕ ದೇಶಗಳಲ್ಲಿ ಉಳ್ಳವರ ಸೊತ್ತಾಯಿತು. ನುಣುಪಾದ ಮರದ ಕೊಂತಗಳು, ಮೆಟ್ಟಿಲುಗಳು, ಬಣ್ಣದ ಫಲಕಗಳು, ತರಬೇತಾದ ಶಿಕ್ಷಕಿ ಇವೆಲ್ಲಕ್ಕೂ ಹಣ ಬೇಕು. ಜಮಾಖರ್ಚಿನ ಪುಸ್ತಕವು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬುದನ್ನು ಯಾವ ಕಟ್ಟಳೆಗಿಂತಲೂ ಕಟ್ಟುನಿಟ್ಟಾಗಿ ತೀರ್ಮಾನಿಸುವುದುಂಟು.

ತಾರಾಬಾಯಿಯವರಿಗೆ ಇದು ಮನವರಿಕೆಯಾದುದು ಅನುಭವದಿಂದ. 1936ರಲ್ಲಿ ಅವರು ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. 1945ರಲ್ಲಿ ನಗರವನ್ನು ಬಿಟ್ಟು, ಸಮುದ್ರತೀರದ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ತೆರೆದರು. ಬಾಲ್ಯದಲ್ಲೇ ವೈಧವ್ಯಕ್ಕೆ ಗುರಿಯಾಗಿ, ತಮ್ಮ ಛಲದಿಂದ ಓದಿ ಉಪಾಧ್ಯಾಯಿನಿಯಾಗಿದ್ದ ಅನುತಾಯಿ ವಾಘ (1910-1992) ಅವರು ಅಲ್ಲಿ ಅವರ ಜೊತೆಗೂಡಿದರು. ಬಾಲವಾಡಿಯು ತೆರೆದಿದ್ದಿತು, ಶುಲ್ಕವಿರಲಿಲ್ಲ. ಆದರೂ ಹರಿಜನರ ಕೇರಿಯ ಮಕ್ಕಳು ಬರಲಿಲ್ಲ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಒಳಬರುವರೆಂಬುದು, ಒಳಗಿರುವವರ ನಂಬಿಕೆಯಷ್ಟೆ. ಆಗ ಶಿಕ್ಷಕಿಯರು ಬಾಲವಾಡಿಯನ್ನೇ ಆ ಕೇರಿಯ ಅಂಗಳಕ್ಕೆ ಹೊತ್ತುಕೊಂಡು ಹೋದರು. ಮಕ್ಕಳಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಅಲ್ಲಿಯೇ ಕೂರಿಸಿ ಹಾಡು, ಆಟ, ಕಥೆಗಳನ್ನು ನಡೆಸಿದರು. ಇದೇ ಅಂಗಣವಾಡಿ. ಬೆಲೆಬಾಳುವ ಉಪಕರಣಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಜೇಡಿಮಣ್ಣುಗಳು ಬಂದವು. ಮಗುವಿಗೆ ಎಣಿಸಲು, ಹೋಲಿಸಲು, ರೂಪಿಸಲು ಇವು ಯಾವುದರಲ್ಲಿಯೂ ಕಡಮೆಯಾಗಲಿಲ್ಲ. ಮರದ ಕೊಂತವು ಮಾಡಿಟ್ಟಂತೆಯೇ ಇರುವುದು. ಜೇಡಿಮಣ್ಣು ಮಗು ಬಯಸಿದಂತಾಗುವುದು.

1957ರಲ್ಲಿ ಈ ಕೇಂದ್ರವು ಡಹಾಣೂ ತಾಲೂಕಿನ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಸ್ಥಳಾಂತರವಾಯಿತು. ಅಲ್ಲಿ ದನ ಕಾಯುವ ಹುಡುಗರಿಗೆ ಶಾಲೆಗೆ ಬರಲು ಬಿಡುವಿರಲಿಲ್ಲ. ತಂಗಿ ತಮ್ಮಂದಿರನ್ನು ಎತ್ತಿಕೊಂಡ ಹುಡುಗಿಯರಿಗೆ ಕೈ ಬಿಡುವಿರಲಿಲ್ಲ. ಹುಡುಗರಿಗಾಗಿ ಹುಲ್ಲುಗಾವಲಿನಲ್ಲೇ ‘ಕುರಣಶಾಲೆ’ ನಡೆಯಿತು. ಹುಡುಗಿಯರಿಗಾಗಿ ತೊಟ್ಟಿಲ ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದೇ ಆವರಣದೊಳಗೆ ತಂದರು. ಸಮಾನತೆಯೆಂಬುದು ಇಲ್ಲಿ ಘೋಷಣೆಯಾಗಿರದೆ, ಮಗುವು ಏಕೆ ಬರಲಿಲ್ಲವೆಂದು ಪ್ರತಿದಿನವೂ ವಿಚಾರಿಸುವ ಅಭ್ಯಾಸವಾಗಿದ್ದಿತು.

1975ರ ಅಕ್ಟೋಬರ್ 2ರಂದು ಕೇಂದ್ರಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 33 ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿದಾಗ, ಅದರ ಕೇಂದ್ರಗಳು ಈ ಹೆಸರನ್ನೇ ಧರಿಸಿದವು. ಚೆಂಬೂರಿಗೆ ಸಮೀಪದ ಧಾರಾವಿಯೂ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಆ ಮೊದಲ ಪಟ್ಟಿಯಲ್ಲಿದ್ದುವು. ಯೋಜನೆಯು ಆರು ಸೇವೆಗಳನ್ನು ಹೇಳುವುದು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ಪೋಷಣೆ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಐದು ದೇಹಕ್ಕೆ ಸಂಬಂಧಿಸಿದವು. ಹಸಿದ ಮಗುವಿಗೆ ಕಥೆ ಹೇಳಿ ಪ್ರಯೋಜನವಿಲ್ಲವೆಂಬುದು ನಿಜ. ಬೋರ್ಡಿಯಲ್ಲಿಯೂ ಸ್ನಾನವೇ ಮೊದಲಾಗಿತ್ತು. ಆದರೆ ತೂಕದ ವಹಿ, ಆಹಾರದ ವಹಿ, ಹಾಜರಿಯ ವಹಿಗಳನ್ನು ತುಂಬಿಸಿದ ಮೇಲೆ ಕಾರ್ಯಕರ್ತೆಗೆ ಉಳಿಯುವ ಹೊತ್ತೆಷ್ಟು? ಕಥೆಗೆ ವಹಿಯಿಲ್ಲ, ಆದಕಾರಣ ಅದು ಆಗಲಿಲ್ಲವೆಂದು ಕೇಳುವವರೂ ಇಲ್ಲ. ಈ ಕಾರ್ಯಕರ್ತೆಗೆ ಸಲ್ಲುವುದು ಸಂಬಳವಲ್ಲ, ‘ಗೌರವಧನ’. ಅವಳಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು 2022ರಲ್ಲಿ. ಯೋಜನೆಗೆ ಆಗ 47 ವರ್ಷ ತುಂಬುತ್ತಲಿದ್ದಿತು.

ಚೆಂಬೂರಿನ ಕನ್ನಡ ಮಕ್ಕಳ ವಿಚಾರವು ಇಲ್ಲಿಯೇ ಬರುವುದು. ಒಂದೆಡೆ ಕರಾವಳಿಯಿಂದ ಬಂದು ನೆಲೆಸಿದವರ ಮೊಮ್ಮಕ್ಕಳು. ಮನೆಯ ಮಾತು ತುಳು ಅಥವಾ ಕನ್ನಡ, ಶಿಶುಶಾಲೆಯ ಮಾತು ಇಂಗ್ಲಿಷ್. ಇನ್ನೊಂದೆಡೆ ಕಲಬುರಗಿ, ವಿಜಯಪುರದ ಕಡೆಗಳಿಂದ ಕಟ್ಟಡದ ಕೆಲಸಕ್ಕೆ ಬರುವವರ ಮಕ್ಕಳು. ಅವರಿಗೆ ಸಿಗುವುದು ಸಿಕ್ಕರೆ ಅಂಗಣವಾಡಿ, ಅಲ್ಲಿಯ ಮಾತು ಮರಾಠಿ ಅಥವಾ ಹಿಂದಿ. ಮೊದಲಿನವರ ಮನೆಯಲ್ಲಿ ಪುಸ್ತಕಗಳಿರುವುವು, ಎರಡನೆಯವರ ಗುಡಿಸಲಲ್ಲಿ ಇರಲಾರವು. ಆದರೆ ಅಜ್ಜಿಯ ಕಥೆಯು ಎರಡೂ ಕಡೆ ಇದೆ. ಎರಡೂ ಕಡೆ ಶಾಲೆಯ ಹೊಸ್ತಿಲ ಹೊರಗೇ ಉಳಿಯುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದು ಹಂತವಾಗಿ ಪರಿಗಣಿಸಿ ಮನೆಮಾತಿಗೆ ಒತ್ತುಕೊಟ್ಟಿದೆ. ಒಂದೇ ಕೋಣೆಯಲ್ಲಿ ನಾಲ್ಕು ಮನೆಮಾತುಗಳಿರುವ ಚೆಂಬೂರಿನಲ್ಲಿ ಯಾವುದಕ್ಕೆ ಒತ್ತು ಕೊಡಬೇಕೆಂಬುದನ್ನು ಕಾರ್ಯಕರ್ತೆಯೇ ಕಂಡುಕೊಳ್ಳಬೇಕು.

ಇಂತಹ ಕೋಣೆಗೆ ಒಗ್ಗುವ ಸಾಮಗ್ರಿಯು ಕನ್ನಡದಲ್ಲಿ ಬಹುಕಾಲದಿಂದ ಇದೆ. ಪಂಜೆ ಮಂಗೇಶರಾಯರು (1874-1937) ಉಪಾಧ್ಯಾಯರಾಗಿ, ಶಾಲಾ ಪರೀಕ್ಷಕರಾಗಿ ದಕ್ಷಿಣ ಕನ್ನಡದಲ್ಲಿ ದುಡಿದವರು. ಮಕ್ಕಳ ಕಿವಿಯನ್ನು ಬಲ್ಲವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ಒಣಹಾಕಿದ ಮೀನು ಏಕೆ ಒಣಗಲಿಲ್ಲವೆಂದು ಕೇಳುತ್ತ, ಒಂದು ಕಾರಣದಿಂದ ಇನ್ನೊಂದು ಕಾರಣಕ್ಕೆ ಸಾಗುವ ಸರಪಳಿಯ ಕಥೆಯನ್ನು ತೆಲುಗಿನ ಮಕ್ಕಳೂ ಬಲ್ಲರು. ಅಲ್ಲಿ ಏಳು ರಾಜಕುಮಾರರ ಏಳು ಮೀನುಗಳಾಗಿ ಅದು ಮನೆಮನೆಯ ಮಾತಾಗಿದೆ. ಇಂತಹ ಕಥೆಯಲ್ಲಿ ಪ್ರಶ್ನೆಯು ಮರಳಿ ಮರಳಿ ಬರುವುದರಿಂದ, ಭಾಷೆಯನ್ನು ಅರ್ಧಮರ್ಧ ಬಲ್ಲ ಮಗುವೂ ಮೂರನೆಯ ಸಲಕ್ಕೆ ದನಿಗೂಡಿಸುವುದು; ನಾಲ್ಕನೆಯ ಸಲಕ್ಕೆ ತನ್ನದೊಂದು ಕಾರಣವನ್ನು ಸೇರಿಸುವುದು. ಚೆಂಬೂರಿಗೆ ತಗಲಿದಂತಿರುವ ಮಾಹುಲ, ತ್ರೊಂಬೆಗಳ ಕೋಳಿವಾಡೆಗಳಲ್ಲಿ ಸಿಗಡಿಯು ಇಂದಿಗೂ ಪರಿಚಿತವಾದ ವಸ್ತು. ತುಳುವಿನ ಮಗು ಅದನ್ನು ‘ಎಟ್ಟಿ’ ಎನ್ನುವುದು, ಮರಾಠಿಯ ಮಗು ‘ಕೋಳಂಬಿ’ ಎನ್ನುವುದು, ಹಿಂದಿಯದು ‘ಝೀಂಗಾ’ ಎನ್ನುವುದು. ಕಡಲನ್ನೇ ಕಾಣದ ವಿಜಯಪುರದ ಮಗುವು ಮೊದಲು, ಸಿಗಡಿಯೆಂದರೇನೆಂದು ಕೇಳುವುದು. ಉಳಿದ ಮೂವರೂ ಒಮ್ಮೆಲೇ ಉತ್ತರ ಹೇಳತೊಡಗುವರು.