ಪ್ಯಾನೆಲ್ ಸ್ಪೀಕರು: ವ್ಯಾಟ್ ಲೆಕ್ಕಕ್ಕೆ ಸಿಗದ ಸದ್ದು

ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ಎಲೆಕ್ಟ್ರಾನಿಕ್ಸ್ ವರ್ತಕರಿಗೆ ಸ್ಪೀಕರೆಂದರೆ ಮರದ ಪೆಟ್ಟಿಗೆ, ಅದರೊಳಗೊಂದು ಕೋನ್. ಪೆಟ್ಟಿಗೆಯೇ ಇಲ್ಲದೆ ಬಾಗಿಲ ಹಲಗೆಯಂತೆ ನಿಲ್ಲುವ ಪ್ಯಾನೆಲ್ ಸ್ಪೀಕರು ದೊಡ್ಡ ನಗರಗಳ ಹೈ-ಫೈ ಮಳಿಗೆಯ ಸರಕು. ಆದರೆ ಲೊಕ್ಕನಹಳ್ಳಿಯಂತಹ ಊರಿನಲ್ಲಿ ಹೊಸ ಮನೆ ಕಟ್ಟಿಸಿದವರು ಬೆಂಗಳೂರಿನಿಂದ ಅಂತಹ ಒಂದು ಜೊತೆಯನ್ನು ತಂದರೆ ಮೊದಲ ದೂರು ಬರುವುದು ಹತ್ತಿರದ ಅಂಗಡಿಗೇ: ದನಿ ಚೆನ್ನಾಗಿದೆ, ಸದ್ದು ಸಾಲದು. ಇದಕ್ಕೆ ಇನ್ನೂ ದೊಡ್ಡ ಆಂಪ್ಲಿಫೈಯರನ್ನು ಮಾರಿಬಿಡುವುದು ಸುಲಭ. ಆದರೆ ಲೆಕ್ಕ ಹಾಕದೆ ಮಾರಿದ್ದು ಅಂಗಡಿಗೇ ಹಿಂದಿರುಗುವ ಸಂಭವವೇ ಹೆಚ್ಚು.

ಈ ಜಾತಿಯ ಸ್ಪೀಕರು ಹೊಸದೇನಲ್ಲ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಸಂಸ್ಥೆಯ ಸ್ಥಾಯೀವಿದ್ಯುತ್ ಸ್ಪೀಕರು 1957ರಲ್ಲಿ ಮಾರುಕಟ್ಟೆಗೆ ಬಂದಿತು. ಅಮೆರಿಕದಲ್ಲಿ ಜಿಮ್ ವೈನಿಯವರು 1969ರಲ್ಲಿ ಮ್ಯಾಗ್ನೆಪ್ಯಾನ್ ಸಂಸ್ಥೆಯನ್ನು ಆರಂಭಿಸಿದರು. ಎರಡರಲ್ಲಿಯೂ ಕಂಪಿಸುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಹಾಳೆಯ ಹಿಂದಿನ ಅಲೆ ಮುಂದಿನ ಅಲೆಗೆ ವಿರುದ್ಧವಾದುದರಿಂದ, ತಗ್ಗು ಸ್ವರಗಳಲ್ಲಿ ಅದು ಅಂಚನ್ನು ಬಳಸಿ ಬಂದು ಮುಂದಿನದನ್ನು ಅಳಿಸುತ್ತದೆ. ಹಾಳೆ ಅಲುಗಾಡಬಹುದಾದ ಅಂತರವೂ ಅತ್ಯಲ್ಪ. ಸದ್ದಿನ ಮಿತಿ ಇರುವುದು ಇಲ್ಲಿ.

ವರ್ತಕರು ಎಡವುವುದು ಪಟ್ಟಿಯಲ್ಲಿರುವ ಅಂಕಿಯಲ್ಲಿ. ಪ್ಯಾನೆಲ್ಲಿನ ಸಂವೇದನೆ "2.83 ವೋಲ್ಟಿಗೆ 86 ಡೆಸಿಬೆಲ್" ಎಂದಿದ್ದು ಅದು 4 ಓಂನದಾಗಿದ್ದರೆ, ಆ ವೋಲ್ಟೇಜಿಗೆ ಅದು ಎಳೆಯುವುದು ಒಂದಲ್ಲ, ಎರಡು ವ್ಯಾಟ್. ಒಂದು ವ್ಯಾಟಿನ ಲೆಕ್ಕಕ್ಕೆ ಉಳಿಯುವುದು 83 ಡೆಸಿಬೆಲ್ ಮಾತ್ರ. ಒಂದು ವ್ಯಾಟಿಗೆ 89 ಡೆಸಿಬೆಲ್ ಕೊಡುವ ಸಾಧಾರಣ ಪೆಟ್ಟಿಗೆ 25 ವ್ಯಾಟಿನಲ್ಲಿ ಮಾಡುವ ಸದ್ದಿಗೆ ಈ ಪ್ಯಾನೆಲ್ಲಿಗೆ 100 ವ್ಯಾಟ್ ಬೇಕು. ಅದನ್ನು 200 ವ್ಯಾಟಿಗೆ ಏರಿಸಿದರೆ ಸಿಗುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಲು ಬೇಕಾದುದು ಸುಮಾರು 10 ಡೆಸಿಬೆಲ್, ಅಂದರೆ 1000 ವ್ಯಾಟ್. ಅಷ್ಟರಲ್ಲಿ ಫ್ಯೂಸ್ ಹೋಗಿರುತ್ತದೆ, ಇಲ್ಲವೇ ಹಾಳೆಯೇ ಹಾಳಾಗಿರುತ್ತದೆ.

ಅಗ್ಗದ ಮತ್ತು ನಿಜವಾದ ಮಾರ್ಗವೆಂದರೆ ಪ್ಯಾನೆಲ್ಲಿನ ಹೆಗಲಿನಿಂದ ಬಾಸ್ ಹೊರೆಯನ್ನು ಇಳಿಸುವುದು. ಅದೇ ಸದ್ದನ್ನು ಅರ್ಧ ಕಂಪನಾಂಕದಲ್ಲಿ ಕೊಡಲು ಹಾಳೆ ಕನಿಷ್ಠ ನಾಲ್ಕುಪಟ್ಟು ಅಲುಗಾಡಬೇಕಾಗುತ್ತದೆ. ಆದ್ದರಿಂದ ತಗ್ಗು ಸ್ವರಗಳನ್ನು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ ಒಪ್ಪಿಸಬೇಕು. ಪ್ರೀಆಂಪ್ಲಿಫೈಯರ್ ಮತ್ತು ಪವರ್ ಆಂಪ್ಲಿಫೈಯರ್ ಬೇರೆಬೇರೆಯಾಗಿದ್ದರೆ, ಅವುಗಳ ನಡುವಿನ ಸಿಗ್ನಲ್ ತಂತಿಗೆ ಚಾನೆಲ್ಲಿಗೊಂದರಂತೆ ಕೆಪಾಸಿಟರ್ ಸೇರಿಸಿದರೆ ಸಾಕು. ಪವರ್ ಆಂಪ್ಲಿಫೈಯರಿನ ಇನ್‌ಪುಟ್ 20 ಕಿಲೋಓಂ ಆಗಿದ್ದಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸುಮಾರು 80 ಹರ್ಟ್ಸ್‌ನಿಂದ ಕೆಳಕ್ಕೆ ಸಿಗ್ನಲನ್ನು ತಗ್ಗಿಸುತ್ತದೆ; 40 ಹರ್ಟ್ಸ್‌ನಲ್ಲಿ ಸುಮಾರು 7 ಡೆಸಿಬೆಲ್. ಸಬ್‌ವೂಫರಿನ ಸಂಪರ್ಕವನ್ನು ಕೆಪಾಸಿಟರಿಗೆ ಮೊದಲೇ ತೆಗೆಯಬೇಕು. ಕೆಲವೇ ರೂಪಾಯಿಯ ಬಿಡಿಭಾಗ ಮಾಡುವ ಈ ಕೆಲಸವನ್ನು ಹೆಚ್ಚುವರಿ ನೂರು ವ್ಯಾಟ್ ಮಾಡಲಾರದು. ಸಬ್‌ವೂಫರಿನ ಪೆಟ್ಟಿಗೆ, ಭಾರವಾದ ಸ್ಟ್ಯಾಂಡು ಸ್ಥಳೀಯ ಮರಗೆಲಸದ ಘಟಕಗಳೇ ಮಾಡಬಲ್ಲಂತಹವು.

ಜಾಗ ಬದಲಿಸುವುದಕ್ಕೆ ಖರ್ಚೇ ಇಲ್ಲ. ಪ್ಯಾನೆಲ್ಲನ್ನು ಹಿಂದಿನ ಗೋಡೆಯಿಂದ ಮೂರಡಿಯಾದರೂ ಮುಂದಕ್ಕೆ ತಂದು, ಕೇಳುಗನ ಕಡೆಗೆ ತುಸು ತಿರುಗಿಸಿ ನೋಡಬೇಕು.

ಇನ್ನುಳಿದುದು ವಿದ್ಯುತ್ತಿನ ಮಾತು. ಸಂಜೆ 230 ವೋಲ್ಟ್ 180ಕ್ಕೆ ಇಳಿಯುವ ಕಡೆ, ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರಿನಲ್ಲಿ ಉಳಿಯುವ ಶಕ್ತಿ ಸುಮಾರು ಶೇಕಡಾ 60 ಮಾತ್ರ. ಅದೇ ಹೊತ್ತಿನಲ್ಲಿ ಗ್ರಾಹಕ ವಾಲ್ಯೂಮ್ ಏರಿಸುತ್ತಾನೆ, ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮೇಲ್‌ಸ್ವರದ ಭಾಗ ಸುಡುತ್ತದೆ. ಇಂತಹ ಮನೆಗೆ ಸರಿಯಾದ ಸ್ಟೆಬಿಲೈಸರ್ ಮೊದಲು, 4 ಓಂ ಹೊರೆಗೆಂದೇ ನಮೂದಿಸಿದ ಆಂಪ್ಲಿಫೈಯರ್ ಆನಂತರ. ದುರಸ್ತಿಗೆ ಬಂದುದು ಸ್ಥಾಯೀವಿದ್ಯುತ್ ಮಾದರಿಯಾಗಿದ್ದರೆ, ಪ್ಲಗ್ ತೆಗೆದ ಮೇಲೂ ಒಳಗೆ ಸಾವಿರಾರು ವೋಲ್ಟ್ ಸ್ವಲ್ಪ ಹೊತ್ತು ನಿಂತಿರುತ್ತದೆ. ಅನುಭವವಿಲ್ಲದ ಹುಡುಗರ ಕೈಗೆ ಅದನ್ನು ಕೊಡತಕ್ಕದ್ದಲ್ಲ.