ಲಂಡನ್ನಿನ ಮೇಜು, ಹಿಂದೂಸ್ಥಾನದ ಕಿವಿ

1942ನೆಯ ಇಸವಿಯ ಆಗಸ್ಟ್ 9ರ ಬೆಳಗಿನ ಜಾವ ಮಹಾತ್ಮಾ ಗಾಂಧಿಯವರನ್ನೂ ಕಾಂಗ್ರೆಸ್ಸಿನ ಅಗ್ರನಾಯಕರನ್ನೂ ಮುಂಬಯಿಯಲ್ಲಿ ಬಂಧಿಸಿ ಸೆರೆಗೆ ಸಾಗಿಸಿದ ಮೇಲೆ ಎರಡೇ ದಿವಸ ಕಳೆದು, 11ನೆಯ ತಾರೀಖಿನಂದು, ಲಂಡನ್ನಿನಿಂದ ಹಿಂದೂಸ್ಥಾನದ ಶ್ರೋತೃಗಳಿಗೆಂದು ಪ್ರಸಾರವಾದ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಕೆಲವು ಸಾಹಿತಿಗಳು ಒಂದೆಡೆ ಕೂಡಿ ಕಾವ್ಯ ಓದಿದರು, ಕಾವ್ಯವನ್ನು ಕುರಿತು ಮಾತನಾಡಿದರು. ಊರೂರಿನಲ್ಲಿ ತಂತಿ ಕಡಿಯುತ್ತಿದ್ದ, ರೈಲುಹಳಿ ಕೀಳುತ್ತಿದ್ದ ಆ ವಾರದಲ್ಲಿ ಆಂಗ್ಲ ಕವಿತೆಯ ಮೇಲಿನ ಈ ಸಾವಧಾನದ ಸಂಭಾಷಣೆಯನ್ನು ಯಾರು ಕೇಳಿದರೋ, ಎಷ್ಟು ಜನ ಕೇಳಿದರೋ, ಹೇಳಬಲ್ಲವರಿಲ್ಲ. ‘ವಾಯ್ಸ್’ ಎಂಬ ಹೆಸರಿನಿಂದ ಆ ದಿನ ಆರಂಭವಾದ ಈ ಬಾನುಲಿ ಮಾಸಪತ್ರಿಕೆಯ ಆರು ಸಂಚಿಕೆಗಳನ್ನು ಕಟ್ಟಿದವನು, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, ಬರ್ಮಾ ದೇಶದಲ್ಲಿ ಐದು ವರ್ಷ ಪೋಲೀಸು ಅಧಿಕಾರಿಯಾಗಿದ್ದು, ಸಾಮ್ರಾಜ್ಯದ ಚಾಕರಿಗೆ ಹೇಸಿ ಹೊರಬಂದು ಲೇಖಕನಾದ ಜಾರ್ಜ್ ಆರ್ವೆಲ್.

ರಾಜಕಾರಣವೂ ಸಂಸ್ಕೃತಿಯೂ ಒಂದೇ ಧ್ವನಿವರ್ಧಕದ ಮುಂದೆ ಕೂತರೆ ಏನಾಗುತ್ತದೆ ಎಂಬುದನ್ನು ಅರಿಯಲು ಈ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರಿಲ್ಲ. ಇದರಲ್ಲಿ ಕಪಟವೂ ಉಂಟು, ಪ್ರಾಮಾಣಿಕತೆಯೂ ಉಂಟು. ಸೋಜಿಗವೆಂದರೆ ಎರಡೂ ಒಬ್ಬರಲ್ಲಿಯೇ ಉಂಟು.

ಅಂದಿನ ಸನ್ನಿವೇಶವನ್ನು ಸ್ವಲ್ಪ ನೆನೆಯಬೇಕು. ಆ ವರ್ಷದ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾಯಿತು. ನಾಲ್ಕು ದಿನಗಳ ತರುವಾಯ ಬರ್ಲಿನ್ನಿನ ಆಜಾದ್ ಹಿಂದ್ ರೇಡಿಯೋದಿಂದ ಸುಭಾಷಚಂದ್ರ ಬೋಸರು ತಾವು ಯಾರೆಂಬುದನ್ನು ಮರೆಮಾಚದೆ ಭಾರತೀಯರನ್ನು ಉದ್ದೇಶಿಸಿ ಮಾತನಾಡಿದರು. ಬರ್ಮಾ ಕೈಬಿಟ್ಟಿತು; ಬ್ರಿಟಿಷ್ ಸರ್ಕಾರ ಕಳುಹಿಸಿದ ಕ್ರಿಪ್ಸ್ ಮಹಾಶಯನ ಸಂಧಾನ ಮುರಿದುಬಿದ್ದಿತು. ಇಂಥ ಹೊತ್ತಿನಲ್ಲಿ, ಇಂಗ್ಲಿಷ್ ಕಲಿತ ಭಾರತೀಯ ತರುಣರ, ವಿಶೇಷವಾಗಿ ಕಾಲೇಜು ವಿದ್ಯಾರ್ಥಿಗಳ, ಮನಸ್ಸನ್ನು ಶತ್ರುಪಕ್ಷಕ್ಕೆ ವಾಲಗೊಡದೆ ಹಿಡಿದಿಟ್ಟುಕೊಳ್ಳುವ ಹೊಣೆ ಬಿ.ಬಿ.ಸಿ.ಯ ಪೂರ್ವದೇಶಗಳ ವಿಭಾಗದ ಮೇಲೆ ಬಿದ್ದಿತು. ಸರ್ಕಾರದ ನೀತಿಯನ್ನು ಬೆತ್ತಲೆಯಾಗಿ ಸಾರಿದರೆ ಕೇಳುವವರಿಲ್ಲವೆಂಬುದು ಅಲ್ಲಿಯವರಿಗೆ ಚೆನ್ನಾಗಿ ತಿಳಿದಿದ್ದಿತು. ಆದಕಾರಣ ಸಾಹಿತ್ಯ, ವಿಜ್ಞಾನ, ನಾಟಕ, ಸಂಗೀತಗಳ ಬೆನ್ನೇರಿ ರಾಜಕಾರಣವು ಸಮುದ್ರ ದಾಟಬೇಕೆಂದು ಯೋಜನೆಯಾಯಿತು. ಈ ವಿಭಾಗದಲ್ಲಿ ಭಾರತೀಯ ಕಾರ್ಯಕ್ರಮಗಳ ಸಂಯೋಜಕರಾಗಿದ್ದವರು ಮುಂಚೆ ನಮ್ಮ ದೇಶದ ರೇಡಿಯೋದಲ್ಲಿಯೇ ದುಡಿದಿದ್ದ ಜುಲ್ಫಿಕಾರ್ ಅಲಿ ಬುಖಾರಿ. ಇವರ ಅಣ್ಣ ಅಹಮದ್ ಷಾ ಬುಖಾರಿಯವರು ದೆಹಲಿಯಲ್ಲಿ ಆಲ್ ಇಂಡಿಯಾ ರೇಡಿಯೋದ ಮುಖ್ಯಸ್ಥರಾಗಿದ್ದುದರಿಂದ, ಬಿ.ಬಿ.ಸಿ. ಎಂದರೆ ‘ಬುಖಾರಿ ಬ್ರದರ್ಸ್ ಕಾರ್ಪೊರೇಷನ್’ ಎಂದು ಅಂದಿನ ಕಿಡಿಗೇಡಿಗಳು ಹಾಸ್ಯಮಾಡುತ್ತಿದ್ದರಂತೆ. 1941ರ ಆಗಸ್ಟ್ ತಿಂಗಳಲ್ಲಿ ಇಲ್ಲಿ ಕೆಲಸಕ್ಕೆ ಸೇರಿದ ಆರ್ವೆಲ್ಲನಿಗೆ ಒಪ್ಪಿಸಿದ ಕೆಲಸ, ಮಾತನಾಡುವವರನ್ನು ಹುಡುಕಿ ತರುವುದು, ಅವರ ಬರಹವನ್ನು ತಿದ್ದುವುದು, ಯುದ್ಧದ ವಾರವಾರದ ಸಮೀಕ್ಷೆಯನ್ನು ಬರೆಯುವುದು.

1942ರ ಡಿಸೆಂಬರ್ 1ರಂದು ತೆಗೆದ ಪ್ರಸಿದ್ಧವಾದ ಛಾಯಾಚಿತ್ರವೊಂದು ಉಳಿದುಬಂದಿದೆ. ‘ವಾಯ್ಸ್’ ಬಳಗದವರು ಧ್ವನಿಗ್ರಾಹಕವೊಂದರ ಸುತ್ತ ನೆರೆದಿದ್ದಾರೆ. ಕುಳಿತವರ ಸಾಲಿನಲ್ಲಿ ಮಹಾರಾಷ್ಟ್ರದ ವೇಣು ಚಿತಳೆ, ಸಿಂಹಳದ ಕವಿ ತಂಬಿಮುತ್ತು, ಅವರ ಪಕ್ಕದಲ್ಲಿ ಟಿ.ಎಸ್. ಎಲಿಯಟ್, ಆಮೇಲೆ ಜಮೈಕಾದ ಕವಯಿತ್ರಿ ಊನಾ ಮಾರ್ಸನ್, ‘ಅನ್‌ಟಚಬಲ್’ ಕಾದಂಬರಿಯ ಮುಲ್ಕ್ ರಾಜ್ ಆನಂದ, ಕೇರಳದ ವೈಣಿಕ ನಾರಾಯಣ ಮೆನನ್. ಹಿಂದೆ ನಿಂತವರಲ್ಲಿ ವಿಮರ್ಶಕ ವಿಲಿಯಂ ಎಂಪ್ಸನ್, ಮತ್ತು ಉದ್ದನೆಯ ಮುಖದ, ಬಡಕಲು ಮೈಯ ಆರ್ವೆಲ್. ಆಳುವ ದೇಶದ ಮಹಾಕವಿಯೂ ಆಳಿಸಿಕೊಂಡ ದೇಶಗಳ ಲೇಖಕರೂ ಭುಜಕ್ಕೆ ಭುಜ ತಾಗಿಸಿ ಸಮಾನಸ್ಕಂಧರಾಗಿ ಕುಳಿತ ಇಂಥ ಪಂಕ್ತಿ ಅಂದಿನ ಲಂಡನ್ನಿನ ಯಾವ ಸರ್ಕಾರಿ ಕಚೇರಿಯಲ್ಲಿಯೂ ಕಾಣಸಿಗುತ್ತಿರಲಿಲ್ಲ.

ಆದರೆ ಈ ಗೋಷ್ಠಿಗಳ ಒಂದು ಗುಟ್ಟನ್ನು ಓದುಗರು ತಿಳಿದಿರಬೇಕು. ಕೇಳುವವರಿಗೆ ಹರಟೆಯಂತೆ, ಥಟ್ಟನೆ ಹೊಳೆದುದನ್ನು ಆಡಿದಂತೆ ತೋರುತ್ತಿದ್ದ ಈ ಮಾತುಕತೆ ಆದ್ಯಂತವಾಗಿ ಬರೆದು ಓದಿದ್ದು. ಒಬ್ಬನು ನಡುವೆ ಬಾಯಿಹಾಕುವುದು, ಮತ್ತೊಬ್ಬನು ಅದಕ್ಕೆ ಆಕ್ಷೇಪಿಸುವುದು, ಮೂರನೆಯವನು ‘ಹಾಗಲ್ಲ’ ಎನ್ನುವುದು, ಇವೆಲ್ಲವೂ ಮುಂಚಿತವಾಗಿ ಟೈಪುಮಾಡಿದ ಹಾಳೆಯಲ್ಲಿ ಅಡಕವಾಗಿದ್ದವು. ಆ ಹಾಳೆಗಳನ್ನು ಎರಡು ಬಗೆಯ ಪರಿಶೀಲನೆಗೆ ಒಳಪಡಿಸಬೇಕಾಗಿದ್ದಿತು: ಯುದ್ಧರಹಸ್ಯವೇನಾದರೂ ಹೊರಬೀಳುವುದೋ ಎಂಬುದೊಂದು, ಸರ್ಕಾರದ ನೀತಿಗೆ ವಿರೋಧವಾದುದೇನಾದರೂ ಇದೆಯೋ ಎಂಬುದು ಇನ್ನೊಂದು. ಪ್ರಸಾರದ ಹೊತ್ತಿನಲ್ಲಿ ಬರೆದುದನ್ನು ಬಿಟ್ಟು ಯಾರಾದರೂ ಬೇರೆ ಆಡತೊಡಗಿದರೆ ಆ ಕ್ಷಣವೇ ಧ್ವನಿಯನ್ನು ಕತ್ತರಿಸಲು ಗುಂಡಿಯ ಬಳಿ ಒಬ್ಬ ಅಧಿಕಾರಿ ಕಾದಿರುತ್ತಿದ್ದನು. ಸಂಭಾಷಣೆಯ ರೂಪವು ಸ್ವಾತಂತ್ರ್ಯದ್ದು, ಅದರ ಹೂರಣವು ಅನುಮತಿ ಪಡೆದದ್ದು.

ಇಷ್ಟಾದರೂ ಆ ಹಾಳೆಗಳನ್ನು ಇಂದು ಓದಿದವರು ಅವು ಬರಿಯ ತುತ್ತೂರಿಯೆಂದು ತಳ್ಳಿಹಾಕಲಾರರು. ಕಾಗದದ ಅಭಾವದಿಂದ ಸಾಹಿತ್ಯಪತ್ರಿಕೆಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ, ಕಾಗದವೇ ಬೇಡದ ಪತ್ರಿಕೆಯೊಂದನ್ನು ಕಿವಿಗೆ ತಲುಪಿಸಬಹುದೆಂಬ ಕಲ್ಪನೆಯೇ ಹೊಸದು. ಯುದ್ಧಕಾವ್ಯವನ್ನು ಕುರಿತ ಸಂಚಿಕೆಯಲ್ಲಿ ವೀರಾವೇಶದ ಪದ್ಯಗಳನ್ನು ಸಾಲಾಗಿ ಓದಿಸಿ ಕೈತೊಳೆದುಕೊಳ್ಳದೆ, ಯುದ್ಧವನ್ನು ಮೆಚ್ಚುವ ಕವಿತೆ ಈ ಕಾಲದಲ್ಲೇಕೆ ಅಪರೂಪವಾಯಿತೆಂಬ ಪ್ರಶ್ನೆಯನ್ನೇ ಅವರು ಕೈಗೆತ್ತಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಆರ್ವೆಲ್ ರಚಿಸಿದ ಕಾಲ್ಪನಿಕ ಸಂದರ್ಶನವೊಂದರಲ್ಲಿ, ಇನ್ನೂರು ವರ್ಷಗಳ ಹಿಂದೆ ತೀರಿಕೊಂಡ ವಿಡಂಬನಕಾರ ಜೊನಾಥನ್ ಸ್ವಿಫ್ಟನ ಪ್ರೇತವೇ ಬಂದು ಕೂರುತ್ತದೆ. ಮನುಷ್ಯಜಾತಿ ಅಂದಿಗಿಂತ ಇಂದು ಎಳ್ಳಷ್ಟೂ ಸುಧಾರಿಸಿಲ್ಲವೆಂದು ಆ ಪ್ರೇತದ ವಾದ. ಯಂತ್ರ, ಔಷಧಿ, ವಿದ್ಯಾಭ್ಯಾಸ, ಯಾವುದನ್ನು ಹೇಳಿದರೂ ಅದು ನಗುತ್ತದೆ. ಕಡೆಯಲ್ಲಿ, ತೀರ ಸಾಮಾನ್ಯನಿಗೂ ಕಾಣುವ ಮನುಷ್ಯರ ಸಜ್ಜನಿಕೆ ಈ ಮಹಾಪ್ರತಿಭೆಗೆ ಕಾಣದೆಹೋಯಿತಲ್ಲ ಎಂದು ಆರ್ವೆಲ್ ವಿಷಾದಿಸುತ್ತಾನೆ. ಲಂಡನ್ನಿನ ಮೇಲೆ ಬಾಂಬು ಸುರಿಸಿದ ಯುದ್ಧ ಇನ್ನೂ ಮುಗಿಯದಿರುವಾಗ, ಸರ್ಕಾರದ ಹಣದಲ್ಲಿ ನಡೆಯುವ ಬಾನುಲಿಯಿಂದ, ಪ್ರಗತಿಯೆಂಬುದೇ ಭ್ರಮೆಯೆಂದು ವಾದಿಸುವ ಪ್ರೇತವೊಂದಕ್ಕೆ ಅಷ್ಟು ಹೊತ್ತು ಮಾತಿಗೆ ಅವಕಾಶ ಸಿಕ್ಕಿತೆಂಬುದನ್ನು ನಾನು ಅಲ್ಪವೆಂದು ಎಣಿಸೆನು.

ಮುಲ್ಕ್ ರಾಜ್ ಆನಂದರ ಸಂಕಟವು ಇನ್ನೊಂದು ಬಗೆಯದು. ಅವರು ಫ್ಯಾಸಿಸಂನ ಕಡುವೈರಿ, ಅಷ್ಟೇ ಮಟ್ಟಿಗೆ ಬ್ರಿಟಿಷ್ ಆಳ್ವಿಕೆಯ ವಿರೋಧಿ. ಸ್ವದೇಶದಲ್ಲಿ ನಾಯಕರು ಸೆರೆಮನೆಯಲ್ಲಿರುವಾಗ ಆಳುವವರ ರೇಡಿಯೋದಲ್ಲಿ ತಾವು ಮಾತನಾಡುವುದು ಸಲ್ಲದೆಂದು ಅವರು ಮೊದಲು ಕರೆ ಬಂದಾಗ ನಿರಾಕರಿಸಿದ್ದರು. ಮಹಾಯುದ್ಧದ ಗತಿಯನ್ನು ಕಂಡು ಆಮೇಲೆ ಒಪ್ಪಿದರು. ಯುದ್ಧಕಾಲದ ಪತ್ರಿಕೆಗಳಲ್ಲಿ ಹೇರಳವಾಗಿ ಓಡಾಡುತ್ತಿದ್ದ ‘ಐದನೆಯ ದಳ’, ‘ನವವ್ಯವಸ್ಥೆ’, ‘ಪ್ರಚಾರ’ ಮುಂತಾದ ಮಾತುಗಳನ್ನು ಒಂದೊಂದಾಗಿ ಬಿಡಿಸಿ ವಿವರಿಸುವ ಭಾಷಣಮಾಲೆಯನ್ನು ಅವರು ನಡೆಸಿದರು. ಪ್ರಚಾರಕ್ಕೆಂದೇ ಏರ್ಪಟ್ಟ ವಿಭಾಗದಿಂದಲೇ ಪ್ರಚಾರವೆಂದರೇನು ಎಂಬ ಉಪನ್ಯಾಸ! ಇಂದಿನ ಯಾವ ಸರ್ಕಾರದ ಮಾಧ್ಯಮ ಇಷ್ಟು ಧೈರ್ಯವನ್ನಾಗಲಿ, ಇಷ್ಟು ಮೈಮರೆವನ್ನಾಗಲಿ ತೋರೀತು?

ಇನ್ನು ಕೇಳುವವರ ವಿಚಾರ. ಇಲ್ಲಿಯೇ ಈ ಸೌಧದ ತಳಪಾಯ ಕುಸಿಯುವುದು. ಸ್ವಾತಂತ್ರ್ಯ ಬಂದ ಕಾಲಕ್ಕೂ ಭಾರತದಲ್ಲಿ ರೇಡಿಯೋ ಪರವಾನಗಿಗಳಿದ್ದುದು ಸುಮಾರು 2,75,000. ಯುದ್ಧದ ಮೊದಲ ವರ್ಷಗಳಲ್ಲಿ ಅವು ಇನ್ನೂ ಕಡಮೆ. ಸಾವಿರಾರು ಕಿಲೋಮೀಟರು ದಾಟಿ ಬರುವ ಕಿರುತರಂಗದ ಪ್ರಸಾರವು ವಾಯುಮಂಡಲದ ಮೇಲ್ಪದರಕ್ಕೆ ತಾಗಿ ಪ್ರತಿಫಲಿಸಿ ಇಳಿಯಬೇಕು. ಹವೆ ಕೆಟ್ಟರೆ ಕವಿಯ ಕಂಠವು ಗರಗರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಶ್ರೋತೃಗಳ ಸ್ಥಿತಿಗತಿ ಅರಿಯಲೆಂದು ಬಿ.ಬಿ.ಸಿ. ಕಳುಹಿಸಿದ ಲಾರೆನ್ಸ್ ಬ್ರ್ಯಾಂಡರ್ ಎಂಬ ಅಧಿಕಾರಿ ಭಾರತದಲ್ಲಿ ಸಂಚರಿಸಿ ಕೊಟ್ಟ ವರದಿ ನಿರಾಶಾದಾಯಕವಾಗಿದ್ದಿತು: ಕೇಳುವವರು ಬೆರಳೆಣಿಕೆಯಷ್ಟು. ಆರ್ವೆಲ್ಲನಿಗೆ ಇನ್ನೊಂದು ದುರ್ದೈವವೂ ಇದ್ದಿತು. 1937ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಗುಂಡು ಅವನ ಕೊರಳನ್ನು ಹಾದುಹೋಗಿ ದನಿಯನ್ನು ಸೊರಗಿಸಿದ್ದಿತು. ಅದೇ ಸೊರಗಿದ ದನಿಯಲ್ಲಿ ಅವನು ಸಮೀಕ್ಷೆಗಳನ್ನು ಓದಿದನು. ಅವನ ಧ್ವನಿಯ ಒಂದು ಮುದ್ರಣವೂ ಇಂದು ಉಳಿದಿಲ್ಲ.

ಇಷ್ಟಕ್ಕೂ ಕೇಳದಿರಲು ಯಂತ್ರವೊಂದೇ ಕಾರಣವಲ್ಲ. ‘ವಾಯ್ಸ್’ನ ಎರಡನೆಯ ಸಂಚಿಕೆ ಹೊರಟ ಸೆಪ್ಟೆಂಬರ್ ತಿಂಗಳಲ್ಲಿಯೇ ನಮ್ಮ ಶಿವಮೊಗ್ಗ ಸೀಮೆಯ ಈಸೂರು ತಾನು ಸ್ವತಂತ್ರ ಗ್ರಾಮವೆಂದು ಘೋಷಿಸಿಕೊಂಡಿತು, ಆ ಬಂಡಾಯದ ಸಂಬಂಧವಾಗಿ ಮರುವರ್ಷ ಆ ಊರಿನ ಐವರು ನೇಣಿಗೇರಿದರು. ಆ ತಿಂಗಳಲ್ಲಿ ಜನಕ್ಕೆ ಬೇಕಾಗಿದ್ದುದು ಸೆರೆಮನೆಯ, ಗೋಲೀಬಾರಿನ, ಮುಷ್ಕರದ ಸುದ್ದಿ. ಅದನ್ನು ಕೊಟ್ಟವರು ಬೇರೆ. ಮುಂಬಯಿಯಲ್ಲಿ ಇಪ್ಪತ್ತೆರಡು ವಯಸ್ಸಿನ ಉಷಾ ಮೆಹತಾ ಎಂಬ ವಿದ್ಯಾರ್ಥಿನಿ ತನ್ನ ಗೆಳೆಯರೊಡನೆ ಆಗಸ್ಟ್ 27ರಂದು ಗುಪ್ತವಾದ ಕಾಂಗ್ರೆಸ್ ರೇಡಿಯೋವನ್ನು ಆರಂಭಿಸಿದಳು. 42.34 ಮೀಟರಿನಲ್ಲಿ, ಭಾರತದ ಯಾವುದೋ ಒಂದು ಸ್ಥಳದಿಂದ ಎಂದು ಸಾರುತ್ತಾ, ಪೋಲೀಸರಿಗೆ ಸಿಗದಂತೆ ಮನೆಯಿಂದ ಮನೆಗೆ ಪ್ರಸಾರಯಂತ್ರವನ್ನು ಹೊತ್ತೊಯ್ಯುತ್ತಾ, ಪತ್ರಿಕೆಗಳು ಅಚ್ಚುಮಾಡಲು ಅಂಜುತ್ತಿದ್ದ ವಾರ್ತೆಯನ್ನು ಅವರು ಓದಿದರು. ರಾಮಮನೋಹರ ಲೋಹಿಯಾ ಅವರ ನೆರವು ಈ ಕೆಲಸಕ್ಕೆ ಇದ್ದಿತು. ನವೆಂಬರ್ 12ರಂದು ಆಕೆ ಸೆರೆಸಿಕ್ಕಳು. ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಮೂರು ತಿಂಗಳೂ ತುಂಬದ ಆಯುಷ್ಯದ, ಕಲಾತ್ಮಕತೆಯ ಹಂಗೇ ಇಲ್ಲದ ಆ ಪ್ರಸಾರವನ್ನು ಎಲಿಯಟ್ಟನು ಕುಳಿತ ಗೋಷ್ಠಿಯೊಡನೆ ತೂಗಿ ನೋಡುವುದು ಅನ್ಯಾಯವೆನಿಸಬಹುದು. ಆದರೆ ಅಂದಿನ ಭಾರತೀಯ ಶ್ರೋತೃವು ತನ್ನ ಪೆಟ್ಟಿಗೆಯ ಮುಳ್ಳನ್ನು ತಿರುಗಿಸುವಾಗ ಮಾಡುತ್ತಿದ್ದುದು ಅದೇ ತೂಕವನ್ನೇ.

ನನ್ನ ಅಭಿಪ್ರಾಯದಲ್ಲಿ ಲಂಡನ್ನಿನ ಆ ಗೋಷ್ಠಿಗಳು ಸೋತದ್ದು ಅವುಗಳಲ್ಲಿ ಸಂಸ್ಕೃತಿ ಹೆಚ್ಚಾಗಿ ರಾಜಕಾರಣ ಕಡಮೆಯಾದುದರಿಂದಲ್ಲ. ಮಾತನಾಡಬೇಕಾಗಿದ್ದ ಪ್ರತಿವಾದಿಯೇ, ಎಂದರೆ ಕಾಂಗ್ರೆಸ್ಸಿನ ನಾಯಕತ್ವವೇ, ಅಹಮದ್‌ನಗರದ ಕೋಟೆಯಲ್ಲಿಯೂ ಆಗಾಖಾನ್ ಅರಮನೆಯಲ್ಲಿಯೂ ಬಂಧಿತವಾಗಿದ್ದುದರಿಂದ. ಆನಂದರೂ ಮೆನನ್ನರೂ ಎಷ್ಟೇ ಬುದ್ಧಿವಂತಿಕೆಯಿಂದ ಮಾತನಾಡಲಿ, ಆ ಸ್ಥಾನವನ್ನು ಅವರು ತುಂಬಲಾರದವರಾಗಿದ್ದರು. ಆರ್ವೆಲ್ಲನಿಗೆ ಇದು ಮನವರಿಕೆಯಾಗಿದ್ದಿತು. 1943ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಡುವಾಗ, ತನ್ನ ಮನಸ್ಸಿಗೆ ಒಪ್ಪದುದನ್ನು ಹೇಳುವಂತೆ ಯಾರೂ ತನ್ನನ್ನು ಬಲಾತ್ಕರಿಸಲಿಲ್ಲವೆಂದೂ, ಫಲವಿಲ್ಲದ ಕೆಲಸಕ್ಕಾಗಿ ಸಾರ್ವಜನಿಕರ ಹಣ ವೆಚ್ಚವಾಗುತ್ತಿದೆಯೆಂಬುದೇ ತನ್ನ ಕಾರಣವೆಂದೂ ಅವನು ಬರೆದನು.

ಆದರೂ ಫಲವೇ ಇಲ್ಲವೆನ್ನಲಾಗದು. ಊನಾ ಮಾರ್ಸನ್ ಈ ಪತ್ರಿಕೆಯ ಮಾದರಿಯನ್ನು ಕಂಡು ವೆಸ್ಟ್ ಇಂಡೀಸಿನವರಿಗಾಗಿ ಆರಂಭಿಸಿದ ‘ಕೆರಿಬಿಯನ್ ವಾಯ್ಸಸ್’ ಕಾರ್ಯಕ್ರಮವು 1958ರವರೆಗೆ ನಡೆಯಿತು. ಡೆರೆಕ್ ವಾಲ್ಕಾಟ್, ಜಾರ್ಜ್ ಲ್ಯಾಮಿಂಗ್, ವಿ.ಎಸ್. ನೈಪಾಲ್ ಮೊದಲಾದವರ ಆರಂಭದ ಬರಹಗಳಿಗೆ ಅದು ವೇದಿಕೆಯಾಯಿತು. ಅಲ್ಲಿ ದ್ವೀಪದವರು ದ್ವೀಪದವರೊಡನೆ ಮಾತನಾಡಿದರು, ಆದ್ದರಿಂದ ಕೇಳುವವರೂ ಇದ್ದರು. ನಾರಾಯಣ ಮೆನನ್ ಸ್ವದೇಶಕ್ಕೆ ಮರಳಿ, ಅರವತ್ತರ ದಶಕದಲ್ಲಿ ಆಕಾಶವಾಣಿಯ ಮಹಾನಿರ್ದೇಶಕರಾದರು. ಬಾನುಲಿಯ ಮುಂದೆ ಸಾಹಿತಿಯನ್ನು ಕೂರಿಸುವ ಕಲೆ ನಮಗೆ ಲಂಡನ್ನಿನಿಂದಲೇ ಬಂದಿತೆಂದು ಭಾವಿಸಬೇಕಾಗಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿಯೇ ತಮ್ಮ ಮನೆಯಲ್ಲಿ ಸ್ಥಾಪಿಸಿದ ಸಣ್ಣ ನಿಲಯದಿಂದ ಕನ್ನಡದ ಮಾತು ಹೊರಡತೊಡಗಿದ್ದಿತು.

ಆರ್ವೆಲ್ ಬಿ.ಬಿ.ಸಿ.ಯನ್ನು ಬಿಟ್ಟ ಆ ವರ್ಷವೇ, ಈ ಪ್ರಸಾರಗಳಿಂದ ಆಯ್ದ ಭಾಷಣಗಳನ್ನು ಅವನ ಸಂಪಾದಕತ್ವದಲ್ಲಿ ‘ಟಾಕಿಂಗ್ ಟು ಇಂಡಿಯಾ’ ಎಂಬ ಪುಸ್ತಕವಾಗಿ ಲಂಡನ್ನಿನ ಪ್ರಕಾಶಕರು ಹೊರತಂದರು. ಇ.ಎಂ. ಫಾರ್ಸ್ಟರ್ ಮುಂತಾದವರ ಉಪನ್ಯಾಸಗಳ ಜೊತೆಗೆ, ಶತ್ರುಪಕ್ಷದ ಪ್ರಚಾರದ ಮಾದರಿಯೆಂದು, ಸುಭಾಷಚಂದ್ರ ಬೋಸರ ರೇಡಿಯೋ ಭಾಷಣವೊಂದನ್ನೂ ಅದರಲ್ಲಿ ಸೇರಿಸಿದ್ದಾನೆ. ಎರಡು ವರ್ಷಗಳ ಪ್ರಸಾರದಲ್ಲಿ ಎದುರುಬದುರಾಗದ ಎರಡು ಪಕ್ಷಗಳು ಒಂದೇ ರಟ್ಟಿನೊಳಗೆ ಸೇರಿದುದು ಆ ಪುಸ್ತಕದಲ್ಲಿ. ಆ ವೇಳೆಗೆ ಬೋಸರು ಬರ್ಲಿನ್ನನ್ನು ಬಿಟ್ಟು ಪೂರ್ವಕ್ಕೆ ತೆರಳಿದ್ದರು; ಗಾಂಧಿಯವರು ಇನ್ನೂ ಪುಣೆಯಲ್ಲಿ ಸೆರೆಯಲ್ಲಿದ್ದರು.