ಒಂದಲ್ಲ, ಎರಡು ಪ್ರಶ್ನೆ

ದಿಲ್ಲಿಗೆ ಬಂದ ಹೊಸತರಲ್ಲಿ ಇಲ್ಲಿಯ ಬಿಸಿಲು ಚಳಿಗಳಿಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಹಿಂದಿಯ ಲಿಂಗ. ಕನ್ನಡದಲ್ಲಿ ಗಂಡಸಾಗಲಿ, ಹೆಂಗಸಾಗಲಿ ‘ನಾನು ಹೋಗುತ್ತೇನೆ’ ಎಂದರೆ ಸಾಕು. ಹಿಂದಿಯಲ್ಲಿ ಗಂಡಸು ‘ಜಾತಾ ಹೂಂ’ ಎನ್ನಬೇಕು, ಹೆಂಗಸು ‘ಜಾತೀ ಹೂಂ’ ಎನ್ನಬೇಕು. ವಸಂತ್ ಕುಂಜ್‌ನ ತರಕಾರಿ ಗಾಡಿಯವನ ಮುಂದೆ ಇದನ್ನು ತಿರುವುಮುರುವು ಮಾಡಿ ನಾವು ನಗೆಪಾಟಲಾದುದು ಒಂದೆರಡು ಸಲವಲ್ಲ. ಬಾಯಿ ತೆರೆದಾಗಲೆಲ್ಲ ‘ನಾನು ಗಂಡು’ ಎಂದು ಸಾರಬೇಕಾದ ಈ ಕಷ್ಟ ನಮಗೆ ತಮಾಷೆಯಾಗಿತ್ತು. ಎಲ್ಲರಿಗೂ ಅದು ತಮಾಷೆಯಲ್ಲವೆಂದು ತಿಳಿದದ್ದು ಬಹಳ ತಡವಾಗಿ.

ಕಳೆದ ಚಳಿಗಾಲದಲ್ಲಿ ಒಬ್ಬ ತಾಯಿ ನಮ್ಮ ಮನೆಗೆ ಬಂದರು. ಯಾರೆಂದು ಊಹಿಸುವ ಶ್ರಮವನ್ನು ವಾಚಕರು ತೆಗೆದುಕೊಳ್ಳಬಾರದು. ತಾಯಿ ಮಗ ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಮರೆಸಿಯೇ ಬರೆಯುತ್ತಿದ್ದೇವೆ. ನಮ್ಮ ಮನೆಯವರು ಕೊಟ್ಟ ಕಾಫಿ ಲೋಟದಲ್ಲೇ ಆರಿತು. ಬಹಳ ಹೊತ್ತಿನ ಮೇಲೆ ಅವರು ಹೇಳಿದರು:

“ನೋಡಪ್ಪಾ, ನೀನು ಓದಿದವನು. ನಮ್ಮ ಹುಡುಗ ಹೆಣ್ಣು ನೋಡುವುದೇ ಬೇಡ ಎನ್ನುತ್ತಾನೆ. ತನ್ನ ಮನಸ್ಸು ಹೋಗುವುದು ಗಂಡಸರ ಕಡೆಗಂತೆ. ಹಾಗಾದರೆ ಅವನು ನಾಳೆ ಸೀರೆ ಉಡುತ್ತಾನೇನು?”

ನಮ್ಮಲ್ಲಿ ಉತ್ತರವಿರಲಿಲ್ಲ. “ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ” ಎಂದುಬಿಟ್ಟೆವು. ಆ ಮಾತಿಗಾಗಿ ಈಗ ನಾಚಿಕೆಯಾಗುತ್ತದೆ. ಅವರು ಹೋದ ಮೇಲೆ ನಿದ್ರೆ ಬರಲಿಲ್ಲ, ಓದತೊಡಗಿದೆವು.

ಆ ತಾಯಿಯ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಗಂಟು ಬಿದ್ದಿದ್ದವು. ಒಂದು, ‘ನಾನು ಯಾರು?’ ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಎಂಬ ಒಳ ಅರಿವು ಅದು; ಅದನ್ನು ಲಿಂಗತ್ವ ಎನ್ನುತ್ತಾರೆ. ಇನ್ನೊಂದು, ‘ನನ್ನ ಒಲವು ಯಾರತ್ತ?’ ಅದು ಲೈಂಗಿಕ ಒಲವು. ಅರ್ಜಿಯ ಫಾರಮ್ಮುಗಳನ್ನು ನೋಡಿಯೇ ಹೊಟ್ಟೆ ಹೊರೆಯುವ ನಮ್ಮಂಥ ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ, ಇವು ಎರಡು ಬೇರೆ ಕಾಲಮ್ಮುಗಳು. ಒಂದರ ಉತ್ತರವನ್ನು ನೋಡಿ ಇನ್ನೊಂದನ್ನು ತುಂಬಿದರೆ ಅರ್ಜಿ ತಪ್ಪಾಗುತ್ತದೆ.

ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ‘ಎಲ್‌ಜಿಬಿಟಿಕ್ಯೂ’ ಎಂಬ ಅಕ್ಷರಮಾಲೆಯನ್ನು ಹೀಗೆ ಬಿಡಿಸಿಕೊಳ್ಳಬಹುದು. ಲೆಸ್ಬಿಯನ್ ಎಂದರೆ ಹೆಣ್ಣಿನತ್ತ ಒಲವುಳ್ಳ ಹೆಣ್ಣು. ಗೇ ಎಂದರೆ ಗಂಡಿನತ್ತ ಒಲವುಳ್ಳ ಗಂಡು. ಬೈಸೆಕ್ಷುಯಲ್ ಎಂದರೆ ಇಬ್ಬರತ್ತಲೂ ಒಲವುಳ್ಳವರು. ಈ ಮೂರೂ ಎರಡನೆಯ ಪ್ರಶ್ನೆಗೆ ಉತ್ತರ. ಟ್ರಾನ್ಸ್‌ಜೆಂಡರ್ ಎಂಬುದು ಮಾತ್ರ ಮೊದಲನೆಯದಕ್ಕೆ: ಹುಟ್ಟಿದಾಗ ಮೈ ನೋಡಿ ಇತರರು ಬರೆಸಿದ್ದು ಒಂದು, ತಾನು ಅರಿತದ್ದು ಇನ್ನೊಂದು. ಕ್ವಿಯರ್ ಎಂಬುದು ಹಿಂದೆ ಬೈಗುಳವಾಗಿದ್ದು, ಈಗ ಹಲವರು ತಾವೇ ಎತ್ತಿಕೊಂಡಿರುವ ಹೆಸರು. ಮೈಯೇ ಗಂಡು ಹೆಣ್ಣೆಂಬ ರೂಢಿಯ ಲಕ್ಷಣಗಳಿಗೆ ಹೊಂದದೆ ಹುಟ್ಟುವವರೂ ಉಂಟು. ಅವರನ್ನು ಇಂಟರ್‌ಸೆಕ್ಸ್ ಎನ್ನುತ್ತಾರೆ. ಆದುದರಿಂದ ಗಂಡಿನತ್ತ ಒಲವುಳ್ಳ ಹುಡುಗ ತಾನು ಗಂಡೆಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲದವನಾಗಿರಬಹುದು.

ಮೊದಲ ಪ್ರಶ್ನೆ ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದವರಿಗೆ ಎಲ್ಲಮ್ಮನ ಜೋಗಪ್ಪಗಳು ಗೊತ್ತು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಗಂಡುಮಗುವೆಂದು ಬೆಳೆದ ಮಂಜುನಾಥ ಶೆಟ್ಟಿ ಮುಂದೆ ಮಂಜಮ್ಮ ಜೋಗತಿಯಾದರು. ಜೋಗತಿ ನೃತ್ಯದಿಂದ ಹೆಸರಾಗಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ, ಇದೇ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ, ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದರು. ಟಿ.ವಿ.ಯಲ್ಲಿ ನೋಡಿ ನಾವೆಲ್ಲ ಹೆಮ್ಮೆಪಟ್ಟೆವು. ಮಂಜಮ್ಮನಿಗೆ ಚಪ್ಪಾಳೆ ತಟ್ಟಿದ ನಾವೇ ಪರಿಚಿತರ ಮಗನ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳಿದೆವು!

ನ್ಯಾಯಾಲಯವೂ ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ನೋಡಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಟ್ರಾನ್ಸ್‌ಜೆಂಡರ್ ಜನರನ್ನು ಮೂರನೆಯ ಲಿಂಗವೆಂದು ಮನ್ನಿಸಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಇದು ಮೊದಲ ಕಾಲಮ್ಮು. ಒಪ್ಪಿ ಕೂಡಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಅದೇ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು, ಇದು ಎರಡನೆಯದು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ, ಅದು ಶಾಸನಸಭೆಗೆ ಬಿಟ್ಟದ್ದೆಂದಿತು.

ವೈದ್ಯರ ಮಾತೂ ಮುಖ್ಯ, ಏಕೆಂದರೆ ಆ ತಾಯಿಗೆ ಯಾರೋ ‘ಸರಿಮಾಡುವ ಡಾಕ್ಟರ’ ವಿಳಾಸ ಕೊಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಅದನ್ನು ‘ಬದಲಾಯಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆಯೆಂದು 2022ರಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಾರಿತು. ರೋಗವೇ ಅಲ್ಲದ್ದಕ್ಕೆ ಮದ್ದೆಲ್ಲಿ? ಮದುವೆಯೂ ಮದ್ದಲ್ಲ, ಅದರಿಂದ ಇನ್ನೊಬ್ಬರ ಮನೆಯ ಹೆಣ್ಣುಮಗಳ ಬಾಳೂ ಕೆಡುವುದು.

ಇಷ್ಟನ್ನು ಓದಿಕೊಂಡು ಆ ತಾಯಿಯ ಮನೆಗೆ ಹೋಗಿ, ಮೊದಲು ಹೇಳಿದ್ದು ತಪ್ಪಾಯಿತೆಂದು ಒಪ್ಪಿಕೊಂಡೆವು. ಅವರು ಎಲ್ಲವನ್ನೂ ಕೇಳಿ, “ಹಾಗಾದರೆ ಸೀರೆಯ ಮಾತು ಬೇರೆ, ಇದು ಬೇರೆ” ಎಂದರು.

“ಬೇರೆ, ಅಮ್ಮಾ. ಒಂದು ವೇಳೆ ಉಟ್ಟರೂ ನಿಮ್ಮ ಮಗುವೇ ತಾನೆ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಮ್ಮ ಕನ್ನಡದಲ್ಲಿ ‘ಅವರು’ ಎಂಬ ಒಂದು ಮಾತುಂಟು. ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ, ಎರಡೂ ಅಲ್ಲವೆನ್ನುವವರಿಗೂ ಸಲ್ಲುತ್ತದೆ. ಮೇಲಾಗಿ ಮರ್ಯಾದೆಯೂ ಅದರೊಳಗೇ ಇದೆ. ಹೇಗೆ ಕರೆಯಬೇಕೆಂದು ತಿಳಿಯದಾಗ ‘ಅವರು’ ಎನ್ನೋಣ. ಸಲಿಗೆ ಬೆಳೆದ ಮೇಲೆ ಅವರನ್ನೇ ಕೇಳೋಣ. ಇನ್ನು ಎರಡನೆಯ ಕಾಲಮ್ಮನ್ನು ಇತರರು ತುಂಬತಕ್ಕದ್ದಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಹೊರಡುವಾಗ ಆ ತಾಯಿ ಬಾಗಿಲವರೆಗೂ ಬಂದು ಮೆಲ್ಲನೆ ಹೇಳಿದರು: “ಇದನ್ನೆಲ್ಲ ಬರೆದುಕೊಡಪ್ಪಾ. ನಮ್ಮ ಯಜಮಾನರು ಎರಡು ತಿಂಗಳಿಂದ ಮಗನೊಡನೆ ಮಾತು ಬಿಟ್ಟಿದ್ದಾರೆ. ನನ್ನ ಮಾತು ಅವರ ಕಿವಿಗೆ ಬೀಳುವುದಿಲ್ಲ. ಸಂಘದ ಪತ್ರಿಕೆಯನ್ನು ಮಾತ್ರ ಮೊದಲಿನಿಂದ ಕಡೆಯವರೆಗೆ ಓದುತ್ತಾರೆ.”

ಆದುದರಿಂದ ಬರೆದಿದ್ದೇವೆ.